ನೆಟ್‌ಬಿಎಸ್‌ಡಿಯ ಬಿಲ್ಡ್ ಡಾಟ್ ಎಸ್‌ಎಚ್: ಇಂಟೆಲ್ ಯಂತ್ರದಲ್ಲಿ ಆರ್ಮ್ ವ್ಯವಸ್ಥೆ ಕಟ್ಟಿದ ಅನುಭವ

ಒಂದು ಬಗೆಯ ಪ್ರೊಸೆಸರ್ ಇರುವ ಯಂತ್ರದಲ್ಲಿ ಇನ್ನೊಂದು ಬಗೆಯ ಪ್ರೊಸೆಸರ್‌ಗಾಗಿ ಇಡೀ ಆಪರೇಟಿಂಗ್ ಸಿಸ್ಟಂ ಕಂಪೈಲ್ ಮಾಡಲು (ಸೋರ್ಸ್ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರಲು) ಹೊರಟವರಿಗೆ ಮೊದಲ ದಿನ ಹೊಂದಿಕೆಯಾಗುವ ಕಂಪೈಲರ್ ಹುಡುಕುವುದರಲ್ಲೇ ಕಳೆದುಹೋಗುವುದುಂಟು. ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಂನ ಸೋರ್ಸ್ ಜೊತೆಗೇ ಬರುವ ಬಿಲ್ಡ್ ಡಾಟ್ ಎಸ್‌ಎಚ್ ಎಂಬ ಶೆಲ್ ಸ್ಕ್ರಿಪ್ಟ್ ಆ ಹುಡುಕಾಟವನ್ನೇ ತಪ್ಪಿಸುತ್ತದೆ. 2024ರ ಮಾರ್ಚ್‌ನಲ್ಲಿ ಬಂದ 10.0 ಆವೃತ್ತಿಯನ್ನು ಲಿನಕ್ಸ್ ಇರುವ ನನ್ನ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ, ಆರ್ಮ್ ಪ್ರೊಸೆಸರ್‌ನ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ 3ಕ್ಕಾಗಿ ಕಟ್ಟಿ ನೋಡಿದೆ.

ಈ ಸ್ಕ್ರಿಪ್ಟ್‌ನ ದೊಡ್ಡ ಗುಣವೆಂದರೆ ಆತಿಥೇಯ ಯಂತ್ರದ, ಅಂದರೆ ಕಂಪೈಲ್ ಕೆಲಸ ನಡೆಯುವ ಯಂತ್ರದ, ಮೇಲಿರುವ ಅಪನಂಬಿಕೆ. ನಮ್ಮಲ್ಲಿರುವ ಸಿ ಮತ್ತು ಸಿ++ ಕಂಪೈಲರ್‌ಗಳನ್ನು ಆಸರೆಯಾಗಿಟ್ಟುಕೊಂಡು ಮೊದಲು ಕಂಪೈಲ್ ಕೆಲಸಗಳನ್ನು ಕ್ರಮವಾಗಿ ನಡೆಸುವ ತನ್ನದೇ ಮೇಕ್ ಅನ್ನು, ಆಮೇಲೆ ಆರ್ಮ್ ಕೋಡ್ ಹೊರಡಿಸುವ ಜಿಸಿಸಿ ಕಂಪೈಲರ್, ಅಸೆಂಬ್ಲರ್, ಲಿಂಕರ್‌ಗಳನ್ನು ಅದು ಕಟ್ಟಿಕೊಳ್ಳುತ್ತದೆ. ವ್ಯವಸ್ಥೆಯ ತಿರುಳಾದ ಕರ್ನಲ್ ಮತ್ತು ಉಳಿದೆಲ್ಲ ಪ್ರೋಗ್ರಾಂಗಳನ್ನು ಈ ಹೊಸ ಸಲಕರಣೆಗಳೇ ಕಂಪೈಲ್ ಮಾಡುತ್ತವೆ. ಯಂತ್ರದ ಮೇಲೆ ಪೂರ್ತಿ ಹಿಡಿತ ಕೊಡುವ ರೂಟ್ ಅಧಿಕಾರವೂ ಬೇಕಿಲ್ಲ. ಕ್ಯಾಪಿಟಲ್ ಯು ಆಯ್ಕೆ ಕೊಟ್ಟರೆ ಯಾವ ಕಡತ ಯಾರದ್ದು, ಅದಕ್ಕೆ ಯಾವ ಅನುಮತಿಗಳಿರಬೇಕು ಎಂಬುದನ್ನು ಮೆಟಾಲಾಗ್ ಎಂಬ ಪಠ್ಯಕಡತದಲ್ಲಿ ಬರೆದಿಡುತ್ತದೆ. ಕೊನೆಯಲ್ಲಿ ಮೇಕ್‌ಎಫ್‌ಎಸ್ ಎಂಬ ಸಲಕರಣೆ ಅದನ್ನು ಓದಿ, ಏನನ್ನೂ ಮೌಂಟ್ ಮಾಡದೆಯೇ (ಡಿಸ್ಕ್‌ನಂತೆ ಯಂತ್ರಕ್ಕೆ ಜೋಡಿಸದೆಯೇ) ಫೈಲ್ ಸಿಸ್ಟಂ ಪೂರ್ತಿ ಒಂದೇ ಕಡತದಲ್ಲಿರುವ ಇಮೇಜ್ ತಯಾರಿಸುತ್ತದೆ. ಈ ಆಯ್ಕೆಯನ್ನು ನಾನು ಮೊದಲ ಸಲ ಮರೆತಿದ್ದೆ. ಸ್ಕ್ರಿಪ್ಟ್ ಆರಂಭದಲ್ಲೇ ನಿಂತು, ಬಿಟ್ಟುಹೋದ ಆಯ್ಕೆ ಯಾವುದೆಂದು ಹೇಳಿತು.

ಹಿಂದೆ ಕಟ್ಟಿದ್ದನ್ನು ಉಳಿಸಿಕೊಂಡು ಮುಂದುವರಿಯಲು ಹೇಳುವ ಸಣ್ಣ ಯು ಆಯ್ಕೆಯನ್ನು ಮರೆತದ್ದಕ್ಕೆ ಮಾತ್ರ ಅಂಥ ಎಚ್ಚರಿಕೆ ಸಿಗಲಿಲ್ಲ. ವಿದ್ಯುತ್ ಹೋಗಿ ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಲು ಹೋದಾಗ, ಅದುವರೆಗೆ ಕಟ್ಟಿದ್ದನ್ನೆಲ್ಲ ಅಳಿಸಿ ಜಿಸಿಸಿಯಿಂದಲೇ ಮತ್ತೆ ಶುರುಮಾಡಿತು. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದನ್ನು ಓದದಿದ್ದುದು ನನ್ನದೇ ತಪ್ಪು. ಆದರೂ ಒಂದೇ ಅಕ್ಷರದ ಎರಡು ರೂಪಗಳಿಗೆ ಸಂಬಂಧವೇ ಇಲ್ಲದ ಎರಡು ಕೆಲಸ ವಹಿಸಿರುವುದು ನನಗೆ ಹಿಡಿಸಲಿಲ್ಲ.

ಕೊನೆಗೆ ಸಿಕ್ಕ ಇಮೇಜನ್ನು ಎಸ್‌ಡಿ ಕಾರ್ಡಿಗೆ ಬರೆದು ಪೈಗೆ ಹಾಕಿದಾಗ ಅದು ತಕರಾರಿಲ್ಲದೆ ಬೂಟ್ ಆಯಿತು, ಮೊದಲ ಬೂಟ್‌ನಲ್ಲೇ ರೂಟ್ ಪಾರ್ಟಿಷನ್ ಅನ್ನು ಕಾರ್ಡಿನ ಪೂರ್ತಿ ಅಳತೆಗೆ ಹಿಗ್ಗಿಸಿಕೊಂಡಿತು.

ಈ ಸಲೀಸುತನ ಮೂಲ ವ್ಯವಸ್ಥೆಗಷ್ಟೇ ಸೀಮಿತ. ನೆಟ್‌ಬಿಎಸ್‌ಡಿಯ ತಂತ್ರಾಂಶ ಸಂಗ್ರಹವಾದ ಪಿಕೆಜಿಎಸ್‌ಆರ್‌ಸಿಯಲ್ಲಿರುವ, ಹೊರಗಿನವರು ಬರೆದ ತಂತ್ರಾಂಶಗಳನ್ನು ಹೀಗೆ ಕ್ರಾಸ್ ಕಂಪೈಲ್ ಮಾಡಲು ಹೋದರೆ, ಕಂಪೈಲ್‌ಗೆ ಮೊದಲು ಯಂತ್ರವನ್ನು ಪರೀಕ್ಷಿಸುವ ಅನೇಕ ಕಾನ್ಫಿಗರ್ ಸ್ಕ್ರಿಪ್ಟ್‌ಗಳು ಆರ್ಮ್‌ಗಾಗಿ ಕಟ್ಟಿದ ಪರೀಕ್ಷಾ ಪ್ರೋಗ್ರಾಂ ಅನ್ನು ಇಂಟೆಲ್ ಯಂತ್ರದಲ್ಲೇ ಓಡಿಸಲು ಯತ್ನಿಸಿ ಮುಗ್ಗರಿಸುತ್ತವೆ. ಅವನ್ನು ನಾನು ಪೈ ಮೇಲೆಯೇ, ನಿಧಾನವಾದರೂ ಸರಿಯೆಂದು, ಕಂಪೈಲ್ ಮಾಡಿಕೊಳ್ಳುತ್ತಿದ್ದೇನೆ.