ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳನ್ನು ರಿಕವರಿಗೆ ಕೊಡುವ ಮುಂಚೆ ಇದನ್ನು ಓದಿ

"ಮೇಡಂ, ಫೋಟೋ ಎಲ್ಲಾ ಬಂದಿದೆ. ವರ್ಡ್ ಫೈಲ್‌ಗಳು ಮಾತ್ರ ಕರಪ್ಟ್ ಆಗಿದ್ವು. ಓಪನ್ ಮಾಡಿದ್ರೆ ಬರೀ ಕಸ. ಅದಕ್ಕೇ ಕಾಪಿ ಮಾಡ್ಲಿಲ್ಲ."

ಕಳೆದ ವರ್ಷ ಬೆಂಗಳೂರಿನ ಒಂದು ಡೇಟಾ ರಿಕವರಿ ಅಂಗಡಿಯಲ್ಲಿ ಕೇಳಿದ ಮಾತು ಇದು. ಅವರು ಕಸ ಅಂದದ್ದು ನಮ್ಮಜ್ಜಿ ಹಾಡುತ್ತಿದ್ದ ಬೀಸೋ ಪದಗಳನ್ನು, ಸೋಬಾನೆ ಪದಗಳನ್ನು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ತಿಪಟೂರಿನ ಮನೆಯಲ್ಲಿ 2005ರಿಂದ 2008ರವರೆಗೆ, ಸಂಜೆ ಅಜ್ಜಿಯನ್ನು ಜಗಲಿ ಮೇಲೆ ಕೂರಿಸಿಕೊಂಡು ಹಾಡಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ರಾತ್ರಿ ಒಂದೊಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಹೆಚ್ಚುಕಡಿಮೆ 140 ಪದ. ಅಜ್ಜಿ ಈಗಿಲ್ಲ. ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿದು ಎಷ್ಟೋ ವರ್ಷವಾಯಿತು. ಅಪ್ಪನಿಗೆ ಈಗ ಎಪ್ಪತ್ತೆಂಟು. ಕಣ್ಣು ಮಂಜಾಗುವುದರೊಳಗೆ ಅವನ್ನೆಲ್ಲ ಒಂದು ಪುಸ್ತಕ ಮಾಡಿ ಮನೆಮಂದಿಗೆ ಹಂಚಬೇಕು ಅಂತ ಆಸೆ.

ಅಟ್ಟದಿಂದ ಕಂಪ್ಯೂಟರ್ ಇಳಿಸಿದರೆ ಅದು ಆನ್ ಆಗಲಿಲ್ಲ. ಒಳಗಿನ 40 ಜಿಬಿ ಹಾರ್ಡ್‌ಡಿಸ್ಕನ್ನು ಬಿಚ್ಚಿಸಿಕೊಂಡು ಅಂಗಡಿಗೆ ಕೊಟ್ಟೆ. 6,500 ರೂಪಾಯಿ ಕೊಟ್ಟು ವಾರ ಕಾದೆ. ಪೆನ್‌ಡ್ರೈವ್ ತುಂಬ ಮದುವೆ ಫೋಟೋಗಳು, ಹಾಡುಗಳು. ಅಪ್ಪನ ಫೋಲ್ಡರ್‌ಗಳು ಖಾಲಿ.

ಕಸ ಅಂದರೆ ಹೇಗಿತ್ತು ಅಂತ ಕೇಳಿದೆ. ಹುಡುಗ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಒಂದು ಚಿತ್ರ ತೋರಿಸಿದ. ಇಂಗ್ಲಿಷ್ ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಬಾಲ ಇಳಿಬಿಟ್ಟ ಬಿ ಥರದ ಒಂದು ಅಕ್ಷರ, ಕ್ಯು, ಮತ್ತೆ ಎ. ನನಗೆ ಕೈಕಾಲು ತಣ್ಣಗಾಯಿತು. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಎಂಬ ಪದ ಕಾಣಿಸುವುದೇ ಹೀಗೆ. ಫೈಲ್ ಕೆಟ್ಟಿರಲಿಲ್ಲ. ಒಂದಕ್ಷರವೂ ಕೆಟ್ಟಿರಲಿಲ್ಲ!

ಹೊಸಬರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ಅದಾಗಿ ಬಹಳ ವರ್ಷ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಮೇಷ್ಟ್ರುಗಳ ಮನೆಗಳಲ್ಲಿ ನಡೆದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೇ ಫಾಂಟುಗಳೇ. ಅವುಗಳಲ್ಲಿ ಫೈಲಿನೊಳಗೆ ಕೂರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ರೂಪ ತೊಡಿಸುವುದು ಫಾಂಟು. ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಗೆ ಕಾಣುತ್ತವೆ. ಅಷ್ಟೇ ಸಮಾಚಾರ. ಫಾಂಟ್ ಹಾಕಿದ ಮರುಕ್ಷಣ ಕನ್ನಡ ಕಣ್ಣೆದುರು ನಿಲ್ಲುತ್ತದೆ.

"ಹಾಗಾದ್ರೆ ಡಿಸ್ಕ್ ವಾಪಸ್ ಕೊಡಿ, ನಾನೇ ತೆಗೀತೀನಿ" ಅಂದೆ. ಆಗ ಗೊತ್ತಾಯಿತು, ಡಿಸ್ಕ್ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ಅವರು ಅದನ್ನು ಫುಲ್ ಫಾರ್ಮ್ಯಾಟ್ ಮಾಡಿದ್ದರು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಾದರೆ ಫಾರ್ಮ್ಯಾಟ್ ಆದಮೇಲೂ ಒಳಗಿನದ್ದು ಬಹುಪಾಲು ಅಲ್ಲೇ ಇರುತ್ತಿತ್ತು. ಅದರ ನಂತರ ಬಂದ ವಿಸ್ತಾದಿಂದ ಈಚೆಗೆ ವಿಂಡೋಸ್‌ನಲ್ಲಿ ಫುಲ್ ಫಾರ್ಮ್ಯಾಟ್ ಅಂದರೆ ಡಿಸ್ಕಿನ ಉದ್ದಗಲಕ್ಕೂ ಸೊನ್ನೆ ಬರೆಯುವುದು. ಆಮೇಲೆ ಯಾವ ಸಾಫ್ಟ್‌ವೇರಿಗೂ ಅಲ್ಲಿ ಸಿಗುವಂಥದ್ದು ಏನೂ ಉಳಿದಿರುವುದಿಲ್ಲ. ಕೇಳದೆ ಯಾಕೆ ಮಾಡಿದಿರಿ ಅಂದರೆ, "ಡೇಟಾ ಕೊಟ್ವಲ್ಲ ಮೇಡಂ" ಅಂದರು.

ಉಳಿದಿದ್ದು ಒಂದೇ ದಾರಿ. 2009ರಲ್ಲಿ ನಾನೇ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ತೆಗೆದಿದ್ದೆ. ಎಕ್ಸ್‌ಪಿಯ ಜೊತೆ ಬರುತ್ತಿದ್ದ ಬ್ಯಾಕಪ್ ಪ್ರೋಗ್ರಾಂ ಎಲ್ಲವನ್ನೂ ಒಂದೇ ದೊಡ್ಡ ಬಿಕೆಎಫ್ ಫೈಲಿನೊಳಗೆ ತುಂಬಿಡುತ್ತದೆ. ಈಗಿನ ವಿಂಡೋಸ್ ಅದನ್ನು ತಾನಾಗಿ ತೆರೆಯುವುದಿಲ್ಲ. ತಂಗಿಯ ಮಗ ನನ್ನ ಲ್ಯಾಪ್‌ಟಾಪಿನೊಳಗೇ ವರ್ಚುವಲ್ ಯಂತ್ರವೊಂದರಲ್ಲಿ, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರಿನಲ್ಲಿ, ಎಕ್ಸ್‌ಪಿ ಹಾಕಿಕೊಟ್ಟ. ಫೈಲ್ ತೋರಿಸಿದೆವು. ಸುಮಾರು ಹೊತ್ತಾದಮೇಲೆ ಫೋಲ್ಡರುಗಳ ಹೆಸರು ಒಂದೊಂದಾಗಿ ಮೂಡಿದವು. ಅಪ್ಪ ಫೋಲ್ಡರಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಇಟ್ಟಿದ್ದರು. ಬಿ ಅಕ್ಷರದ ಬೀಸೋಪದ ಬಂತು, 58 ಫೈಲ್. ಪಿ ಅಕ್ಷರದ ಫೋಟೋಸ್ ಅರ್ಧ ಬಂತು. ಅಲ್ಲಿಗೆ ನಿಂತಿತು. ಎಸ್ ಅಕ್ಷರದ ಸೋಬಾನೆ ಬರಲೇ ಇಲ್ಲ.

ಬಿಕೆಎಫ್ ಫೈಲಿನ ಗಾತ್ರ ನೋಡಿದರೆ ಸರಿಯಾಗಿ 4 ಜಿಬಿ. ಆ ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಮಾದರಿಯಲ್ಲಿತ್ತು. ಅದರಲ್ಲಿ ಒಂದೊಂದು ಫೈಲಿಗೂ 4 ಜಿಬಿಯ ಮಿತಿ. ಡಿಸ್ಕಿನಲ್ಲಿ ನೂರು ಜಿಬಿ ಖಾಲಿ ಬಿದ್ದಿದ್ದರೂ ಅಷ್ಟೇ. ಫೋಲ್ಡರುಗಳು ಅಕ್ಷರಕ್ರಮದಲ್ಲಿ ಒಳಗೆ ಹೋಗಿವೆ, ಫೋಟೋಗಳು ಜಾಗವನ್ನೆಲ್ಲ ತಿಂದಿವೆ, ಸೋಬಾನೆಯ ಸರದಿ ಬರುವ ಮುಂಚೆಯೇ ಬ್ಯಾಕಪ್ ನಿಂತುಹೋಗಿದೆ. ಅವತ್ತು ಪರದೆಯ ಮೇಲೆ ಏನೋ ಸೂಚನೆ ಬಂದದ್ದು, ನಾನು ಕ್ಯಾನ್ಸಲ್ ಒತ್ತಿ ಎದ್ದುಹೋದದ್ದು ಈಗ ಚೆನ್ನಾಗಿ ನೆನಪಾಗುತ್ತದೆ. ಹದಿನೈದು ವರ್ಷ ಆ ಡಿಸ್ಕನ್ನು ಬೀರುವಿನಲ್ಲಿ ಸೀರೆಗಳ ನಡುವೆ ಜೋಪಾನವಾಗಿ ಇಟ್ಟಿದ್ದೆ. ಒಮ್ಮೆಯಾದರೂ ತೆರೆದು ನೋಡಲಿಲ್ಲ.

ನಿಮಗೆ ಇಂಥ ಕೆಲಸ ಬಂದರೆ, ಅಂಗಡಿಯವರಿಗೆ ಬಾಯಲ್ಲಿ ಹೇಳಿ ಬಿಡಬೇಡಿ, ರಸೀದಿಯ ಮೇಲೆ ಬರೆಸಿ: ಮೂಲ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು, ಡಿಸ್ಕಿನ ದೋಷ ತಿದ್ದುವ ಚೆಕ್‌ಡಿಸ್ಕ್ ಪ್ರೋಗ್ರಾಂ ಓಡಿಸಕೂಡದು, ಮೊದಲು ಇಡೀ ಡಿಸ್ಕಿನ ಇಮೇಜ್ (ಇದ್ದದ್ದು ಇದ್ದ ಹಾಗೇ ಪೂರ್ತಿ ನಕಲು) ತೆಗೆದು ಆ ಇಮೇಜಿನ ಮೇಲಷ್ಟೇ ಕೆಲಸ ಮಾಡಬೇಕು, ಕಸದಂತೆ ಕಂಡರೂ ಸಿಕ್ಕ ಫೈಲನ್ನೆಲ್ಲ ಕೊಡಬೇಕು. ಡಿಸ್ಕ್ ಹೇಗಿತ್ತೋ ಹಾಗೇ ನಿಮ್ಮ ಕೈಗೆ ಬರಬೇಕು. ಮನೆಯಲ್ಲೇ ಕೇಬಲ್ ಹಾಕಿ ನೋಡುವಾಗ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ, ತಕ್ಷಣ ಡಿಸ್ಕ್ ತೆಗೆಯಿರಿ. ಫೈಲ್ ಸಿಕ್ಕಮೇಲೆ ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಪುಕ್ಕಟೆ ಸಿಗುತ್ತವೆ, ಆದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಅಲ್ಲಲ್ಲಿ ಒಡೆಯುತ್ತದೆ. ಕೂತು ಸಾಲುಸಾಲೂ ಓದಲೇಬೇಕು. ಹಳೇ ಫೈಲನ್ನು ಅಳಿಸಬೇಡಿ.

58 ಬೀಸೋ ಪದಗಳನ್ನು ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು ಊರಿಗೆ ಒಯ್ದೆ. ಅಪ್ಪ ಹಾಳೆ ತಿರುವಿ ತಿರುವಿ ನೋಡಿ, "ಸೋಬಾನೆ ಎಲ್ಲಮ್ಮಾ?" ಅಂದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಸಂಜೆ ತಾವೇ ಕರೆದು, ಹಸೆಗೆ ಕರೆಯುವ ಒಂದು ಪದದ ಮೊದಲ ನಾಲ್ಕು ಸಾಲು ಹೇಳಿ, ಐದನೆಯದಕ್ಕೆ ತಡವರಿಸಿದರು. ಅಂದಿನಿಂದ ಪ್ರತಿ ಭಾನುವಾರ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಎಂಬತ್ತಕ್ಕೂ ಮೇಲಿದ್ದ ಸೋಬಾನೆಗಳಲ್ಲಿ ಅಪ್ಪನಿಗೆ ಇದುವರೆಗೆ ಪೂರ್ತಿ ನೆನಪಾಗಿರುವುದು 11.