ಎತ್ತರದ ನಕ್ಷೆಗೆ ಎಸ್‌ಆರ್‌ಟಿಎಂ, ಕೋಪರ್ನಿಕಸ್, ಇಲ್ಲಾ ನಾವೇ ಮಾಡಿಕೊಳ್ಳೋದಾ?

ನೆಲದ ಎತ್ತರ ತೋರಿಸುವ ಡಿಜಿಟಲ್ ನಕ್ಷೆ ಬೇಕಾದವರಿಗೆ ಇಲ್ಲಿ ಮೂರು ದಾರಿ: ನಾಸಾದ ಎಸ್‌ಆರ್‌ಟಿಎಂ, ಯುರೋಪಿನ ಕೋಪರ್ನಿಕಸ್, ಇಲ್ಲಾ ಸೆಂಟಿನೆಲ್-1 ಎಂಬ ಯುರೋಪಿನ ರಾಡಾರ್ ಉಪಗ್ರಹದ ಚಿತ್ರಗಳಿಂದ ನಾವೇ ಮಾಡಿಕೊಳ್ಳುವುದು. ಮೊದಲೇ ಹೇಳಿಬಿಡುತ್ತೇನೆ, ಕೋಪರ್ನಿಕಸ್ ತಗೊಳ್ಳಿ. ಮುಳ್ಳಯ್ಯನಗಿರಿ ಸುತ್ತಮುತ್ತ ಮತ್ತು ಚಿತ್ರದುರ್ಗದ ಕಡೆ ಮೂರನ್ನೂ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಒಂದರ ಮೇಲೊಂದು ಹಾಕಿ ನೋಡಿದೆ. ಮೂರೂ ಪುಕ್ಕಟೆ, ಮೂರರ ಉಪಾಯವೂ ಒಂದೇ: ಒಂದೇ ನೆಲವನ್ನು ಎರಡು ಜಾಗದಿಂದ ರಾಡಾರ್‌ನಲ್ಲಿ ನೋಡಿ, ವಾಪಸ್ ಬಂದ ಅಲೆಗಳ ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನೋದು) ವ್ಯತ್ಯಾಸದಿಂದ ಎತ್ತರ ಲೆಕ್ಕ ಹಾಕುವುದು.

ಸೆಂಟಿನೆಲ್-1ರ ಎರಡು ಚಿತ್ರ ಇಳಿಸಿಕೊಂಡು ಸ್ನ್ಯಾಪ್ ಎಂಬ ತಂತ್ರಾಂಶದಲ್ಲಿ ನಾವೇ ಮಾಡುವುದು ಖುಷಿಯ ಕೆಲಸ, ಆದರೆ ಎರಡು ಚಿತ್ರಗಳ ಮಧ್ಯೆ 12 ದಿನ ಇರುತ್ತದೆ, ಅಷ್ಟರಲ್ಲಿ ಕಾಫಿ ತೋಟದ ಎಲೆಗಳು ಅಲುಗಾಡಿರುತ್ತವೆ, 5.6 ಸೆಂ.ಮೀ. ಅಲೆಯ ಲೆಕ್ಕ ತಪ್ಪೋಕೆ ಅಷ್ಟು ಸಾಕು. ಗಿರಿಯ ಮೇಲಿನ ಬಂಡೆ, ಹುಲ್ಲು ಬಿಟ್ಟರೆ ಉಳಿದದ್ದೆಲ್ಲ ಬರೀ ಚುಕ್ಕಿ ಚುಕ್ಕಿ. ಚಿತ್ರದುರ್ಗದ ಬೇಸಿಗೆ ಹೊಲಗಳಲ್ಲಿ ಫೇಸ್ ವ್ಯತ್ಯಾಸ ತೋರಿಸುವ ಬಣ್ಣದ ಪಟ್ಟೆಗಳು ಚೆನ್ನಾಗಿ ಬಂದವು. ಆದರೂ ಎರಡು ಕಕ್ಷೆಗಳ ಅಂತರ 100 ಮೀಟರ್ ಇದ್ದರೆ ಒಂದು ಪೂರ್ತಿ ಪಟ್ಟೆ ಅಂದರೆ ಹತ್ತಿರಹತ್ತಿರ 150 ಮೀಟರ್ ಎತ್ತರ. ಅದರ ಹತ್ತನೇ ಒಂದು ಪಾಲು ನಾಯ್ಸ್ ಸೇರಿದರೂ 15 ಮೀಟರ್ ಹೋಯಿತು. ಗಾಳಿಯ ತೇವಾಂಶದ ಕಾಟ ಬೇರೆ. ಈ ಉಪಗ್ರಹ ನೆಲ ಕುಸಿಯುವುದನ್ನು ಅಳೆಯಲು ಸರಿ, ಎತ್ತರಕ್ಕಲ್ಲ.

ಎಸ್‌ಆರ್‌ಟಿಎಂಗೆ ಈ ತಾಪತ್ರಯ ಇಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 60 ಮೀಟರ್ ಕಂಬ ಚಾಚಿ, ಅದರ ತುದಿಯಲ್ಲಿ ಇನ್ನೊಂದು ಆಂಟೆನಾ ಇಟ್ಟುಕೊಂಡು ಹಾರಿತ್ತು, ಎರಡೂ ಆಂಟೆನಾ ಒಂದೇ ಕ್ಷಣಕ್ಕೆ ಅಲೆ ಹಿಡಿಯುತ್ತಿದ್ದವು. ಆದರೆ ಹಳೆಯದಾಯಿತು, ಆಮೇಲೆ ಬಂದ ಕ್ವಾರಿ, ಲೇಔಟ್ ಯಾವುದೂ ಇಲ್ಲ.

30 ಮೀಟರಿಗೊಂದು ಎತ್ತರ ಕೊಡುವ ಕೋಪರ್ನಿಕಸ್ ನಕ್ಷೆ ಜೊತೆಜೊತೆಗೆ ಹಾರುವ ಎರಡು ಜರ್ಮನ್ ಉಪಗ್ರಹಗಳದ್ದು. ಹಿಲ್‌ಶೇಡ್ (ಬಿಸಿಲು-ನೆರಳಿನ ಚಿತ್ರಣ) ಹಾಕಿದರೆ ಗಿರಿಯ ಏಣು, ಹಳ್ಳದ ಕೊರಕಲು ಎಲ್ಲ ಚೂಪಾಗಿ ಕಾಣುತ್ತವೆ. ಒಂದೇ ಕೊರತೆ, 3.1 ಸೆಂ.ಮೀ. ಅಲೆ ಮರದ ತಲೆಯ ಹತ್ತಿರವೇ ನಿಲ್ಲುತ್ತದೆ. ಶೋಲಾ ಕಾಡು ಮುಗಿದು ಹುಲ್ಲು ಶುರುವಾಗುವಲ್ಲಿ ಪ್ರೊಫೈಲ್ ಗೆರೆ (ಅದರ ಉದ್ದಕ್ಕೂ ಎತ್ತರದ ಏರಿಳಿತ ತೋರಿಸುವ ಗೆರೆ) ಎಳೆದು ನೋಡಿ, ನೆಲದಲ್ಲಿ ಇಲ್ಲದ ಮೆಟ್ಟಿಲು ಕಾಣುತ್ತದೆ! ನೀರು ಹರಿಯುವ ದಾರಿ ಬೇಕಾದವರು ಇದರಿಂದಲೇ ಮರ, ಕಟ್ಟಡ ತೆಗೆದು ಮಾಡಿರುವ ಫ್ಯಾಬ್‌ಡೆಮ್ ನೋಡಬಹುದು, ವ್ಯಾಪಾರಕ್ಕೆ ಮಾತ್ರ ಸುಮ್ನೆ ಬಳಸುವಂತಿಲ್ಲ.

ಇನ್ನು ಜಪಾನಿನ ಉಪಗ್ರಹ ರಾಡಾರ್ ಅಲೋಸ್ ಪಾಲ್ಸರ್ ಹೆಸರಲ್ಲಿ ಸಿಗುವ, 12.5 ಮೀಟರಿಗೊಂದು ಎತ್ತರ ಕೊಡುವ ಫೈಲ್ ಕಂಡು ಆಸೆಪಡಬೇಡಿ. ನಮ್ಮ ಕಡೆಗೆ ಅದು ಎಸ್‌ಆರ್‌ಟಿಎಂ ಅನ್ನೇ ಹಿಗ್ಗಿಸಿದ್ದು. ಅದೂ ಸಮುದ್ರಮಟ್ಟದಿಂದ ಅಳೆದ ಎತ್ತರ ಅಲ್ಲ, ಲೆಕ್ಕಕ್ಕೆಂದು ಊಹಿಸಿಕೊಂಡ ನುಣುಪು ಭೂಗೋಳದಿಂದ ಅಳೆದದ್ದು, ಹಾಗಾಗಿ ಮುಳ್ಳಯ್ಯನಗಿರಿ 80 ಮೀಟರಿಗಿಂತ ಜಾಸ್ತಿ ಕುಳ್ಳಗೆ ಬರುತ್ತದೆ.