‘ತಿಥಿ’: ಗಡ್ಡಪ್ಪನಿಗಾಗಿ ನೋಡಲೇಬೇಕು

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ಯನ್ನು ಮೊನ್ನೆ ಅಪ್ಪನ ಜೊತೆ ಕೂತು ಮತ್ತೆ ನೋಡಿದೆ. 2016ರಲ್ಲಿ ಥಿಯೇಟರಿಗೆ ಬಂದಿದ್ದ ಸಿನಿಮಾ. 101 ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಬೈಯುತ್ತಿರುತ್ತಾನೆ. ಎದ್ದು ಹೋದವನು ಅಲ್ಲೇ ಕುಸಿದು ಸಾಯುತ್ತಾನೆ. ಅಲ್ಲಿಂದ ತಿಥಿ ಊಟದವರೆಗಿನ ಕಥೆ ಇದು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಚಿಂತೆ, ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಗುಂಗು.

ಮಗ ಗಡ್ಡಪ್ಪನಿಗೆ ಮಾತ್ರ ಯಾವುದೂ ಬೇಡ. ಬ್ರಾಂದಿ ಗುಟುಕರಿಸುತ್ತಾ ಸುಮ್ನೆ ನಡೆಯುತ್ತಿರುತ್ತಾನೆ. ಕುರಿಗಾಹಿಗಳ ಮುಂದೆ ಕೂತು ತನ್ನ ಹಳೇ ಕಥೆ ಹೇಳುತ್ತಾನಲ್ಲ, ಆ ದೃಶ್ಯ ಒಂದೇ ಸಾಕು. ದನಿ ಏರಿಸುವುದಿಲ್ಲ, ಅಳುವುದಿಲ್ಲ. ಅಷ್ಟು ಹೊತ್ತು ನಗುತ್ತಿದ್ದ ಅಪ್ಪ ಅಲ್ಲಿ ತೆಪ್ಪಗಾದರು. ಇವರ‍್ಯಾರೂ ವೃತ್ತಿ ನಟರಲ್ಲ, ಮಂಡ್ಯ ಕಡೆಯ ಹಳ್ಳಿ ಜನ ಅಂದರೆ ನಂಬೋದು ಕಷ್ಟ ಅಲ್ವಾ? ಆ ಮಾತಿನ ಧಾಟಿ ಯಾವ ತರಬೇತಿಯಿಂದಲೂ ಬರುವುದಿಲ್ಲ. ಈರೇಗೌಡರ ಬರವಣಿಗೆಗೂ ದೊಡ್ಡ ಪಾಲು ಸಲ್ಲಬೇಕು.

ಅಭಿ ಹುಡುಗಿಯ ಹಿಂದೆ ಅಲೆಯುವುದು ಸ್ವಲ್ಪ ಜಾಸ್ತಿಯಾಯಿತು. ಅದು ಬಿಟ್ಟರೆ ನನಗೆ ಎಲ್ಲೂ ಬೇಜಾರಾಗಲಿಲ್ಲ. ಮನೆಮಂದಿ ಜೊತೆ ನೋಡುವುದಾದರೆ ಬೈಗುಳ ಧಾರಾಳವಾಗಿವೆ, ಮೊದಲೇ ಹೇಳಿಬಿಡುತ್ತೇನೆ.